ಮೂರು ಹೋಟೆಲ್, ಒಂದು ಗಲ್ಲಾ: ಡ್ಯಾಶ್‌ಬೋರ್ಡ್ ಕೊಳ್ಳಬೇಕಾ?

ಪ್ರಶ್ನೆ: ಮುಂಬೈ ಕಡೆ ನಮ್ಮದು ಮೂರು ಉಡುಪಿ ಹೋಟೆಲ್‌ಗಳಿವೆ. ಮಾಟುಂಗದ್ದು ತಂದೆಯವರು ಶುರು ಮಾಡಿದ್ದು, ಮೂವತ್ತೈದು ವರ್ಷ ಆಯ್ತು. ಮುಲುಂಡ್ ಮತ್ತು ಠಾಣೆಯವು ನಾನು ಬಂದ ಮೇಲೆ ತೆರೆದವು. ಮೂರೂ ಕಡೆ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ, ಅಕೌಂಟ್ಸ್ ಟ್ಯಾಲಿಯಲ್ಲಿದೆ, ಖರೀದಿ ಲೆಕ್ಕ ಸ್ವಲ್ಪ ಎಕ್ಸೆಲ್‌ನಲ್ಲಿ, ಸ್ವಲ್ಪ ವಾಟ್ಸ್ಆ್ಯಪ್‌ನಲ್ಲಿ. ಸ್ವಿಗ್ಗಿ, ಜೊಮ್ಯಾಟೊ ಎರಡರಲ್ಲೂ ಇದ್ದೇವೆ. ಒಂದು ಕಂಪನಿಯವರು ಬಂದು ಬಿಸಿನೆಸ್ ಇಂಟೆಲಿಜೆನ್ಸ್ ಡ್ಯಾಶ್‌ಬೋರ್ಡ್ ತೋರಿಸಿದರು, ಅಂದರೆ ವ್ಯಾಪಾರದ ಅಂಕಿಗಳನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್. ನೋಡೋಕೆ ಚೆನ್ನಾಗಿದೆ. ವರ್ಷಕ್ಕೆ ಎರಡು ಲಕ್ಷ ಕೇಳುತ್ತಿದ್ದಾರೆ. ತಂದೆಯವರು ‘ಗಲ್ಲಾದಲ್ಲಿ ಕೂತರೆ ಎಲ್ಲಾ ಗೊತ್ತಾಗತ್ತೆ, ಇದೆಲ್ಲ ಯಾಕೆ?’ ಅನ್ನುತ್ತಾರೆ. ನನ್ನ ಚಿಂತೆ ಠಾಣೆಯದು. ಅಲ್ಲಿ ವ್ಯಾಪಾರ ಜೋರಾಗಿದೆ, ಆದರೆ ತಿಂಗಳ ಕೊನೆಗೆ ದುಡ್ಡು ಉಳಿಯುತ್ತಿಲ್ಲ. ಇದನ್ನು ತಗೊಳ್ಳಲಾ, ಬೇಡವಾ?

ಉತ್ತರ: ಈಗಲೇ ತಗೊಳ್ಳಬೇಡಿ. ಮೂರು ತಿಂಗಳು ತಡೆಯಿರಿ. ಆ ಮೂರು ತಿಂಗಳು ಸುಮ್ನೆ ಕೂರಬೇಕು ಅಂತಲ್ಲ. ನಿಮ್ಮ ಹತ್ತಿರ ಈಗಾಗಲೇ ಇರುವುದನ್ನೇ ಬಳಸಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ಮಾಡಿದ ಮೇಲೆ ಆ ಕಂಪನಿಯವರನ್ನು ಮತ್ತೆ ಕರೆಯಿರಿ. ಆಗ ಅವರು ತೋರಿಸಿದ್ದನ್ನು ನೋಡುವ ಬದಲು, ನಿಮಗೆ ಏನು ಬೇಕು ಅಂತ ನೀವೇ ಕೇಳುತ್ತೀರಿ.

ನಾನು ಇಪ್ಪತ್ತು ವರ್ಷದಿಂದ ಇಂಥ ಅಂಕಿ, ವರದಿಗಳ ಕೆಲಸವನ್ನೇ ಮಾಡುತ್ತಿದ್ದೇನೆ. ಮೊದಲು ಪುಣೆ ಕಡೆಯ ಕಾರ್ಖಾನೆಗಳಲ್ಲಿ, ಆಮೇಲೆ ಮುಂಬೈಯ ಅಂಗಡಿ, ಹೋಟೆಲ್‌ಗಳಲ್ಲಿ. ಕೊಂಡ ಆರು ತಿಂಗಳಿಗೆ ಯಾರೂ ತೆರೆದು ನೋಡದ ಡ್ಯಾಶ್‌ಬೋರ್ಡ್‌ಗಳನ್ನು ತುಂಬಾ ನೋಡಿದ್ದೇನೆ. ಅದರಲ್ಲಿ ಎಷ್ಟೋ ಸಾಫ್ಟ್‌ವೇರ್‌ಗಳು ಒಳ್ಳೆಯವೇ. ಆ ಅಂಕಿ ನೋಡಿ ಯಾರು, ಯಾವ ಹೊತ್ತಿಗೆ, ಏನನ್ನು ಬೇರೆ ಥರ ಮಾಡಬೇಕು ಅನ್ನುವುದನ್ನು ಕೊಳ್ಳುವ ಮೊದಲು ಯಾರೂ ಕೇಳಿಕೊಂಡಿರಲಿಲ್ಲ, ಅಷ್ಟೇ.

ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಅವರು ಹೇಳಿದ್ದು ನಿಜ. ಗಲ್ಲಾದಲ್ಲಿ ಕೂತವರಿಗೆ ಬಿಲ್ಲಿನಲ್ಲಿ ಬರದೇ ಇರುವುದೂ ಕಾಣುತ್ತದೆ. ಸಾಂಬಾರ್ ಅರ್ಧ ಬಿಟ್ಟು ಎದ್ದವರು, ರಶ್ ನೋಡಿ ಬಾಗಿಲಿಂದಲೇ ತಿರುಗಿ ಹೋದವರು, ದಿನಾ ಬರುತ್ತಿದ್ದ ಬ್ಯಾಂಕಿನವರ ಗುಂಪು ಈ ವಾರ ಒಮ್ಮೆಯೂ ಬರದೇ ಇದ್ದದ್ದು. ಅವರಿಗೆ ಅದು ಕಂಡ ಕೂಡಲೇ ಒಳಗೆ ಕೂಗಿ ಹೇಳುತ್ತಾರೆ, ಅದು ಅಲ್ಲೇ ಸರಿಹೋಗುತ್ತದೆ. ನೋಡುವವರು, ನಿರ್ಧಾರ ಮಾಡುವವರು, ಮಾಡಿಸುವವರು ಮೂವರೂ ಒಬ್ಬರೇ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಕಂಪನಿಯೂ ಮಾಡಿಕೊಡಲಾರದು. ಆದರೆ ಅದು ಒಂದು ಹೋಟೆಲಿಗೆ. ಮೂರು ಗಲ್ಲಾದಲ್ಲಿ ಒಬ್ಬರೇ ಕೂರೋಕೆ ಆಗಲ್ಲ ಅಲ್ವಾ? ಠಾಣೆಯಲ್ಲಿ ನೋಡುವವನು ಮ್ಯಾನೇಜರ್, ನಿರ್ಧಾರ ಮಾಡುವವರು ಮಾಟುಂಗದಲ್ಲಿರುವ ನೀವು, ಮಾಡಬೇಕಾದವರು ಅಲ್ಲಿನ ಅಡುಗೆ ಭಟ್ಟರು. ನಡುವೆ ಬಿದ್ದ ಈ ಅಂತರವನ್ನು ತುಂಬುವುದೇ ಬಿಸಿನೆಸ್ ಇಂಟೆಲಿಜೆನ್ಸ್‌ನ ಕೆಲಸ.

ಬಿಸಿನೆಸ್ ಇಂಟೆಲಿಜೆನ್ಸ್ ಅನ್ನುವ ಮಾತು ಹಳೆಯದು. 1958ರಲ್ಲಿ ಐಬಿಎಂ ಕಂಪನಿಯ ಹ್ಯಾನ್ಸ್ ಪೀಟರ್ ಲೂನ್ ಎಂಬ ಸಂಶೋಧಕರು ಇದೇ ಹೆಸರಿನ ವ್ಯವಸ್ಥೆಯೊಂದರ ಬಗ್ಗೆ ಲೇಖನ ಬರೆದರು. ಅವರ ತಲೆಯಲ್ಲಿದ್ದದ್ದು ಕಾಗದಪತ್ರಗಳ ರಾಶಿ. ಸಂಸ್ಥೆಯೊಳಗೆ ಬರುವ ಮಾಹಿತಿಯಲ್ಲಿ ಯಾರಿಗೆ ಯಾವುದು ಬೇಕೋ ಅದು ಅವರಿಗೆ ತಾನಾಗಿ ತಲುಪಬೇಕು ಎಂಬುದು ಅವರ ಯೋಚನೆ. ತಲುಪಬೇಕಾದ ಜಾಗಕ್ಕೆ ಅವರು ‘ಆ್ಯಕ್ಷನ್ ಪಾಯಿಂಟ್’ ಅಂತ ಹೆಸರಿಟ್ಟರು. ಅಂದರೆ ಕೆಲಸ ನಡೆಯುವ ಜಾಗ. ನನಗೆ ಇದು ತುಂಬಾ ಇಷ್ಟವಾದ ಮಾತು, ಯಾಕೆಂದರೆ ಅದರಲ್ಲಿ ಪರದೆಯ ಸುದ್ದಿಯೇ ಇಲ್ಲ.

ನಿಮ್ಮ ಹೋಟೆಲಿನಲ್ಲಿ ಅಂಥ ಜಾಗ ಯಾವುದು? ಅಡುಗೆಮನೆಗೆ ಹೋಗಿ ಭಟ್ಟರನ್ನು ಕೇಳಿ ನೋಡಿ: ನಾಳೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು ಅಂತ ಯಾವಾಗ ತೀರ್ಮಾನ ಮಾಡ್ತೀರಿ? ನೆನೆ ಹಾಕುವ ಹೊತ್ತಿಗೆ. ಅದು ಹೆಚ್ಚಾಗಿ ಮಧ್ಯಾಹ್ನದ ಊಟದ ರಶ್‌ಗೆ ಮೊದಲೇ. ಸಂಜೆ ರುಬ್ಬಿ, ರಾತ್ರಿ ಹುದುಗಿಸಿ, ಬೆಳಿಗ್ಗೆ ಇಡ್ಲಿ. ಹಾಗಿದ್ದಾಗ ರಾತ್ರಿ ಹನ್ನೊಂದಕ್ಕೆ ನಿಮ್ಮ ಮೊಬೈಲಿಗೆ ಬರುವ ಬಣ್ಣಬಣ್ಣದ ವರದಿಯಿಂದ ನಾಳೆಯ ಹಿಟ್ಟಿಗೆ ಏನೂ ಉಪಯೋಗವಿಲ್ಲ. ಬೆಳಿಗ್ಗೆ ಹತ್ತೂವರೆಗೆ ಭಟ್ಟರ ಕೈಗೆ ಒಂದು ಚೀಟಿ ಸಿಗಬೇಕು. ಉದಾಹರಣೆಗೆ, ನಾಳೆ ಮಂಗಳವಾರ ಅಂದರೆ ಹಿಂದಿನ ನಾಲ್ಕು ಮಂಗಳವಾರ ಎಷ್ಟು ಇಡ್ಲಿ, ಎಷ್ಟು ದೋಸೆ ಹೋಯಿತು, ರಾತ್ರಿ ಎಷ್ಟು ಹಿಟ್ಟು ಉಳಿಯಿತು. ನಾಲ್ಕು ಸಾಲು ಸಾಕು. ಮುಂಬೈಯ ಸೆಕೆಯಲ್ಲಿ ಉಳಿದ ಹಿಟ್ಟು ಮರುದಿನಕ್ಕೆ ಎಷ್ಟು ಹುಳಿ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇದೇ ರೀತಿ ನೀವು ನಿಜವಾಗಿ ತೆಗೆದುಕೊಳ್ಳುವ ನಿರ್ಧಾರಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಶಿಫ್ಟಿಗೆ ಎಷ್ಟು ಸಪ್ಲೈಯರ್‌ಗಳು, ತರಕಾರಿ ಯಾರಿಂದ, ದರ ಯಾವಾಗ ಏರಿಸಬೇಕು, ಆ್ಯಪ್‌ನಲ್ಲಿ ಯಾವ ಐಟಂ ಇಡಬೇಕು, ಠಾಣೆಯ ಜಾಗದ ಕರಾರು ಮುಂದುವರಿಸಬೇಕಾ. ಕೆಲವು ದಿನಾ ಮಾಡುವವು, ಕೆಲವು ವರ್ಷಕ್ಕೊಮ್ಮೆ. ಇವುಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಿ. ನಾನಾದರೆ ಹಿಟ್ಟು ಮತ್ತು ಠಾಣೆ ಆರಿಸುತ್ತೇನೆ.

ಈಗ ಠಾಣೆಯ ವಿಷಯಕ್ಕೆ ಬರೋಣ. ‘ವ್ಯಾಪಾರ ಜೋರಾಗಿದೆ’ ಅಂತ ಬರೆದಿದ್ದೀರಿ. ಯಾವ ಅಂಕಿ ನೋಡಿ ಹಾಗೆ ಹೇಳಿದಿರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರಿನ ದಿನದ ಸೇಲ್ ನೋಡಿರಬೇಕು ಅಂತ ನನ್ನ ಊಹೆ. ಆ್ಯಪ್ ಆರ್ಡರುಗಳು ಅಲ್ಲಿ ಪೂರ್ತಿ ದರಕ್ಕೆ ದಾಖಲಾಗುತ್ತವೆ. ಬ್ಯಾಂಕಿಗೆ ಬರುವುದು ಬೇರೆ ಮೊತ್ತ. ಟ್ಯಾಲಿಯಲ್ಲಿ ನಿಮ್ಮ ಅಕೌಂಟೆಂಟ್ ಮೂರನೆಯದೊಂದನ್ನು ಬರೆದಿರುತ್ತಾರೆ, ಅದೂ ತಿಂಗಳ ಕೊನೆಗೆ. ಮೂರಕ್ಕೂ ಹೆಸರು ‘ಸೇಲ್’.

ಒಂದು ದೋಸೆಯ ಲೆಕ್ಕ ಹಾಕೋಣ. ಇಲ್ಲಿನ ಅಂಕಿಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ಒಪ್ಪಂದದಲ್ಲಿ ಎಷ್ಟಿದೆಯೋ ಅದನ್ನು ನೀವು ಹಾಕಿಕೊಳ್ಳಿ. ಹೋಟೆಲಿನಲ್ಲಿ ಮಸಾಲೆ ದೋಸೆ 100 ರೂಪಾಯಿ. ಹಿಟ್ಟು, ಪಲ್ಯ, ಬೆಣ್ಣೆ, ಚಟ್ನಿ, ಸಾಂಬಾರ್ ಎಲ್ಲ ಸೇರಿ ಸಾಮಾನಿನ ಖರ್ಚು 32. ಉಳಿಯುವುದು 68. ಅದೇ ದೋಸೆ ಆ್ಯಪ್‌ನಲ್ಲಿ 120. ಅದರಲ್ಲಿ ನಿಮ್ಮ ಪಾಲಿನ ಡಿಸ್ಕೌಂಟ್ 20 ಹೋಯಿತು, 100 ಆಯಿತು. ಕಮಿಷನ್ 22 ಅಂತ ಇಟ್ಟುಕೊಳ್ಳಿ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಸುಮಾರು 4. ಉಳಿದದ್ದು 74. ಡಬ್ಬಿ, ಚಟ್ನಿಯ ಪುಟ್ಟ ಬಟ್ಟಲು, ಚೀಲ ಸೇರಿ 8. ಈಗ 66. ಸಾಮಾನಿನ ಖರ್ಚು 32 ಕಳೆದರೆ 34. ಎರಡೂ ಕಡೆ ಅದೇ ದೋಸೆ, ಅದೇ ಕಾವಲಿ, ಅದೇ ಭಟ್ಟರು. ಕೈಗೆ ಸಿಕ್ಕಿದ್ದು ಸರಿಯಾಗಿ ಅರ್ಧ. ಇನ್ನೂ ಬಾಡಿಗೆ, ಸಂಬಳ, ಗ್ಯಾಸ್ ಯಾವುದನ್ನೂ ಕಳೆದಿಲ್ಲ. ಆ್ಯಪ್‌ನಲ್ಲಿ ಜಾಹೀರಾತಿಗೆ ದುಡ್ಡು ಹಾಕುತ್ತಿದ್ದರೆ ಅದೂ ಇದರಲ್ಲೇ ಹೋಗಬೇಕು.

ಇಲ್ಲಿ ತೆರಿಗೆಯ ಎರಡು ವಿಷಯ ನೆನಪಿಟ್ಟುಕೊಳ್ಳಿ. 2017ರ ನವೆಂಬರ್ 15ರಿಂದ 5 ಶೇಕಡಾ ಜಿಎಸ್‌ಟಿ ಕಟ್ಟುವ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ. ಹಾಗಾಗಿ ಕಮಿಷನ್ ಮೇಲಿನ ಜಿಎಸ್‌ಟಿ, ಡಬ್ಬಿಗಳ ಮೇಲಿನ ಜಿಎಸ್‌ಟಿ ಎಲ್ಲವೂ ನಿಮ್ಮ ಖರ್ಚೇ, ವಾಪಸ್ ಬರುವುದಿಲ್ಲ. ಲಾಭದ ಲೆಕ್ಕದಲ್ಲಿ ಇದನ್ನು ಬಿಟ್ಟಿರುವ ಹೋಟೆಲುಗಳು ಬಹಳ. ಎರಡನೆಯದು, 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟುವುದು ಆ್ಯಪ್‌ನವರು, ನೀವಲ್ಲ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಆ ತೆರಿಗೆಯನ್ನೂ ಸೇಲ್‌ಗೆ ಸೇರಿಸಿ ತೋರಿಸುತ್ತಿದ್ದರೆ, ನಿಮ್ಮದಲ್ಲದ ದುಡ್ಡು ಲೆಕ್ಕದಲ್ಲಿ ಕೂತಿದೆ ಅಂತ ಅರ್ಥ. ನಿಮ್ಮ ಸಿಎ ಹತ್ತಿರ ಒಮ್ಮೆ ಕೂತು ಇದನ್ನು ನೋಡಿ.

ಠಾಣೆಯಲ್ಲಿ ಆ್ಯಪ್ ವ್ಯಾಪಾರದ ಪಾಲು ಮಾಟುಂಗಕ್ಕಿಂತ ಜಾಸ್ತಿ ಇದ್ದರೆ, ಸೇಲ್ ಏರುತ್ತಾ ಹೋದರೂ ದುಡ್ಡು ಉಳಿಯದಿರುವುದು ವಿಚಿತ್ರವೇನಲ್ಲ. ಆ್ಯಪ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಕಾವಲಿ ಖಾಲಿ ಇರುವಾಗ ಬರುವ ಆರ್ಡರಿನಲ್ಲಿ 34 ರೂಪಾಯಿ ಉಳಿದರೆ ಅದು ಒಳ್ಳೆಯದೇ. ರಾತ್ರಿ ಎಂಟೂವರೆಗೆ ಮನೆಮಂದಿ ಬಂದು ಮೇಜಿಗಾಗಿ ಬಾಗಿಲಲ್ಲಿ ಕಾಯುವಾಗ, ಅದೇ ಆರ್ಡರು 68 ರೂಪಾಯಿಯ ದೋಸೆಯನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಆ್ಯಪ್‌ನ ದೋಸೆ ಐಟಂಗಳನ್ನು ಆಫ್ ಮಾಡಬೇಕಾ, ಡಿಸ್ಕೌಂಟ್ ತೆಗೆಯಬೇಕಾ ಅನ್ನುವುದು ನಿರ್ಧಾರ. ಅದಕ್ಕೆ ಬೇಕಾದದ್ದು ಗಂಟೆವಾರು ಲೆಕ್ಕ, ಕೌಂಟರ್ ಬೇರೆ, ಆ್ಯಪ್ ಬೇರೆ. ಕಂಪನಿಯವರು ತೋರಿಸಿದ ಪರದೆಯಲ್ಲಿ ಇದು ಇತ್ತಾ? ಇರದಿದ್ದರೆ ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಮುಂದೆ ಹೋಗುವ ಮೊದಲು ಒಂದು ಬೇಸರದ ಕೆಲಸವಿದೆ. ಅದನ್ನು ಯಾವ ಮಾರಾಟದವರೂ ಹೇಳುವುದಿಲ್ಲ: ಐಟಂ ಪಟ್ಟಿ ಶುಚಿ ಮಾಡುವುದು. ಮೂರೂ ಹೋಟೆಲುಗಳ ಐಟಂ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಪಕ್ಕಪಕ್ಕ ಇಡಿ. ಮಾಟುಂಗದಲ್ಲಿ ‘ಇಡ್ಲಿ ವಡೆ’, ಮುಲುಂಡಿನಲ್ಲಿ ‘ಇಡ್ಲಿ-ವಡಾ 1+1’, ಠಾಣೆಯಲ್ಲಿ ‘ವಡಾ ಇಡ್ಲಿ ಕಾಂಬೋ’ ಅಂತ ಇರುತ್ತದೆ. ನಮಗೆ ಅದು ಒಂದೇ ತಟ್ಟೆ, ಕಂಪ್ಯೂಟರಿಗೆ ಮೂರು ಬೇರೆ ತಿಂಡಿ. ಎಲ್ಲಕ್ಕೂ ಒಂದೇ ಕೋಡ್ ಕೊಡಿ. ಹಾಗೇ ‘ಓಪನ್ ಐಟಂ’ ಅನ್ನುವ ಬಟನ್ ಎಷ್ಟು ಸಲ ಒತ್ತಿದ್ದಾರೆ ನೋಡಿ. ರಶ್ ಇದ್ದಾಗ ಕ್ಯಾಷಿಯರ್ ಹುಡುಕುವ ಗೋಜಿಗೆ ಹೋಗದೆ ಅದನ್ನೇ ಒತ್ತಿ ಮೊತ್ತ ಹಾಕಿಬಿಡುತ್ತಾನೆ. ಅವನ ತಪ್ಪಲ್ಲ. ಹೆಚ್ಚು ಹೋಗುವ ಇಪ್ಪತ್ತು ಐಟಂಗಳು ಮೊದಲ ಪರದೆಯಲ್ಲೇ ದೊಡ್ಡದಾಗಿ ಕಂಡರೆ ಆ ಬಟನ್ನಿನ ಬಳಕೆ ತಾನಾಗೇ ಕಡಿಮೆಯಾಗುತ್ತದೆ. ಕೆಒಟಿಗೂ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಬಿಲ್ಲಿಗೂ ತಾಳೆ ನೋಡುವುದನ್ನೂ ಇದೇ ಹೊತ್ತಿಗೆ ಶುರು ಮಾಡಿ.

ಈ ಕೆಲಸಕ್ಕೆ ಒಂದು ವಾರ ಬೇಕು, ಮೂರೂ ಮ್ಯಾನೇಜರುಗಳು ಒಟ್ಟಿಗೆ ಕೂರಬೇಕು. ಇದನ್ನು ಮಾಡದೆ ಎರಡು ಲಕ್ಷದ ಡ್ಯಾಶ್‌ಬೋರ್ಡ್ ತಂದರೆ ಅದು ಇದೇ ಗೊಂದಲವನ್ನು ಚೆಂದದ ಬಣ್ಣದಲ್ಲಿ ತೋರಿಸುತ್ತದೆ.

ಇನ್ನು ಅಂಕಿಯಲ್ಲಿ ಬರದೇ ಇರುವುದರ ಬಗ್ಗೆ. ಕೆಲವು ವರ್ಷಗಳ ಹಿಂದೆ ಚೆಂಬೂರಿನ ಒಂದು ಹೋಟೆಲಿನ ಲೆಕ್ಕ ನೋಡುತ್ತಿದ್ದೆ. ಗೋಳಿಬಜೆ ದಿನಕ್ಕೆ 60 ಪ್ಲೇಟು. ನಿನ್ನೆ 60, ಮೊನ್ನೆ 59, ಅದರ ಹಿಂದಿನ ದಿನ 60. ಎರಡು ತಿಂಗಳು ಹೀಗೇ. ಮಾಲೀಕರಿಗೆ ಸಮಾಧಾನ, ‘ಇದು ಫಿಕ್ಸ್ ಗಿರಾಕಿ ಐಟಂ’ ಅಂದರು. ನನಗೆ ಅನುಮಾನ ಬಂತು. ಮಳೆ ಬಂದ ದಿನವೂ 60, ಬಿಸಿಲಿನ ದಿನವೂ 60 ಅಂದರೆ ಹೇಗೆ? ಗಿರಾಕಿಗಳು ಹಾಗೆ ಲೆಕ್ಕ ಹಾಕಿಕೊಂಡು ಬರಲ್ಲ. ಒಂದು ಸಂಜೆ ಹೋಗಿ ಮೂಲೆಯ ಮೇಜಿನಲ್ಲಿ ಕೂತೆ. ಐದೂ ನಲವತ್ತಕ್ಕೆ ಒಳಗಿನಿಂದ ಹುಡುಗ ಬಂದು ಬೋರ್ಡಿನ ಮೇಲಿದ್ದ ಗೋಳಿಬಜೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಏಳೂವರೆವರೆಗೆ ಕೂತು ಎಣಿಸಿದೆ. ಹದಿನಾಲ್ಕು ಜನ ಕೇಳಿದರು, ‘ಇಲ್ಲ’ ಅನ್ನಿಸಿಕೊಂಡರು. ನಾಲ್ಕು ಜನ ಬೇರೆ ಏನೂ ತಗೊಳ್ಳದೆ ಎದ್ದು ಹೋದರು. ಆ 60 ಅನ್ನುವುದು ಎಷ್ಟು ಬೇಕಿತ್ತು ಅನ್ನುವುದರ ಲೆಕ್ಕವಾಗಿರಲಿಲ್ಲ, ಅವತ್ತು ಎಷ್ಟು ಮಾಡಿದ್ದರು ಅನ್ನುವುದರ ಲೆಕ್ಕವಾಗಿತ್ತು.

ಬಿಲ್ಲಿನಲ್ಲಿ ಮಾರಾಟವಾದದ್ದು ಮಾತ್ರ ಇರುತ್ತದೆ. ಹಾಗಾಗಿ ಒಂದು ಸಣ್ಣ ವರದಿ ಮಾಡಿಸಿಕೊಳ್ಳಿ: ಪ್ರತಿ ದಿನ, ಪ್ರತಿ ಐಟಂನ ಕೊನೆಯ ಬಿಲ್ ಎಷ್ಟು ಗಂಟೆಗೆ ಆಯಿತು? ಈ ಮಾಹಿತಿ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಈಗಾಗಲೇ ಇದೆ, ಪ್ರತಿ ಬಿಲ್ಲಿನ ಮೇಲೂ ಸಮಯ ಅಚ್ಚಾಗುತ್ತದೆ ಅಲ್ವಾ. ರಾತ್ರಿ ಹತ್ತರವರೆಗೆ ತೆರೆದಿರುವ ಹೋಟೆಲಿನಲ್ಲಿ ಒಂದು ತಿಂಡಿಯ ಕೊನೆಯ ಬಿಲ್ ದಿನಾ ಆರು ಗಂಟೆಯೊಳಗೇ ಆಗುತ್ತಿದ್ದರೆ, ಆ ತಿಂಡಿ ಕಡಿಮೆ ಬೀಳುತ್ತಿದೆ. ನಾನು ನೋಡಿದ ಮಟ್ಟಿಗೆ ಹೋಟೆಲಿಗೆ ಇಷ್ಟು ಬೇಗ ದುಡ್ಡು ತಂದುಕೊಡುವ ವರದಿ ಇನ್ನೊಂದಿಲ್ಲ.

ಹೋಲಿಕೆಯ ವಿಷಯಕ್ಕೂ ಹೀಗೇ ಜಾಗ್ರತೆ ಬೇಕು. ಎಲ್ಲ ಡ್ಯಾಶ್‌ಬೋರ್ಡಿನಲ್ಲೂ ‘ಕಳೆದ ವರ್ಷದ ಇದೇ ತಿಂಗಳಿಗಿಂತ’ ಅಂತ ಹಸಿರೋ ಕೆಂಪೋ ಬಾಣ ಇರುತ್ತದೆ. ನಮ್ಮ ವ್ಯಾಪಾರಕ್ಕೆ ಆ ಬಾಣ ಬಹಳ ಸಲ ದಾರಿ ತಪ್ಪಿಸುತ್ತದೆ. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ಅನಂತ ಚತುರ್ದಶಿ 17ಕ್ಕೆ. ಇಡೀ ಹಬ್ಬ ಸೆಪ್ಟೆಂಬರಿನಲ್ಲೇ ಮುಗಿಯಿತು. 2025ರಲ್ಲಿ ಹಬ್ಬ ಆಗಸ್ಟ್ 27ಕ್ಕೇ ಶುರುವಾಗಿ ಸೆಪ್ಟೆಂಬರ್ 6ಕ್ಕೆ ವಿಸರ್ಜನೆಯಾಯಿತು. ಮೇಲಿಂದ ಆ ವರ್ಷ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಬಂತು, ಹಿಂದಿನ ವರ್ಷ ಅಕ್ಟೋಬರ್ 3ಕ್ಕೆ ಬಂದಿತ್ತು. ಈ ಎರಡು ಸೆಪ್ಟೆಂಬರುಗಳನ್ನು ಪಕ್ಕದಲ್ಲಿಟ್ಟು ಮ್ಯಾನೇಜರನ್ನು ‘ಯಾಕೆ ಇಳೀತು?’ ಅಂತ ಕೇಳಿದರೆ ಆ ಮನುಷ್ಯ ಏನು ಹೇಳಬೇಕು? ಶ್ರಾವಣವೂ ಹಾಗೇ. 2025ರಲ್ಲಿ ಜುಲೈ 25ಕ್ಕೆ ಶುರುವಾಗಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಆಗಸ್ಟ್ ಮಧ್ಯಕ್ಕೆ ಸರಿಯುತ್ತದೆ. ಶ್ರಾವಣದಲ್ಲಿ ಇಲ್ಲಿನ ಎಷ್ಟೋ ಮರಾಠಿ ಮನೆಯವರು ಮಾಂಸಾಹಾರ ಬಿಡುತ್ತಾರೆ. ಸಸ್ಯಾಹಾರಿ ಹೋಟೆಲಿಗೆ ಅದರ ಬೆಲೆ ಗೊತ್ತು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಡೇಟಾ ಕೆಲಸ ಮಾಡುವವರು ‘ಕ್ಯಾಲೆಂಡರ್ ಟೇಬಲ್’ ಅಂತ ಒಂದನ್ನು ಇಟ್ಟುಕೊಳ್ಳುತ್ತಾರೆ. ಒಂದು ದಿನಕ್ಕೆ ಒಂದು ಸಾಲು. ಅದರಲ್ಲಿ ತಾರೀಖು, ವಾರ ಇದ್ದೇ ಇರುತ್ತದೆ. ನೀವು ಇನ್ನೂ ಕೆಲವು ಕಾಲಂ ಸೇರಿಸಿ: ಏಕಾದಶಿಯಾ, ಸಂಕಷ್ಟಿಯಾ, ಹಬ್ಬ ಯಾವುದು, ಶಾಲೆಗೆ ರಜೆಯಾ, ಮಳೆ ಜೋರಿತ್ತಾ, ಭಾನುವಾರದ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು, ಕಡಿಮೆ ಮಾಡುವುದು) ಇತ್ತಾ. ನಿಮ್ಮ ಮೂರೂ ಹೋಟೆಲು ಸೆಂಟ್ರಲ್ ಲೈನಿನಲ್ಲೇ ಇವೆ. ಮಾಟುಂಗ–ಮುಲುಂಡ್ ನಡುವೆ ಬ್ಲಾಕ್ ಇದ್ದ ಭಾನುವಾರದ ವ್ಯಾಪಾರವನ್ನು ಬೇರೆ ಭಾನುವಾರದ ಜೊತೆ ಸೇರಿಸಿ ಸರಾಸರಿ ಮಾಡಿದರೆ ಎರಡೂ ಕೆಡುತ್ತವೆ. ಗೋಡೆಗೆ ತೂಗಿರುವ ಪಂಚಾಂಗದ ಕ್ಯಾಲೆಂಡರ್ ನೋಡಿ ಒಂದು ಮಧ್ಯಾಹ್ನ ಕೂತರೆ ಇಡೀ ವರ್ಷದ ಟೇಬಲ್ ಆಗುತ್ತದೆ. ಆಮೇಲೆ ಈ ಸಂಕಷ್ಟಿಯನ್ನು ಹಿಂದಿನ ಸಂಕಷ್ಟಿಗಳ ಜೊತೆ ಹೋಲಿಸಿ. ಉಪವಾಸದ ತಿಂಡಿಗೆ ಎಷ್ಟು ಸಾಬುದಾನ (ಸಬ್ಬಕ್ಕಿ) ನೆನೆ ಹಾಕಬೇಕು ಅನ್ನುವುದಕ್ಕೆ ಆಗ ಗಟ್ಟಿ ಆಧಾರ ಸಿಗುತ್ತದೆ. ನಿಮ್ಮ ತಂದೆಯವರು ಇದನ್ನು ತಲೆಯಲ್ಲೇ ಮಾಡುತ್ತಾ ಬಂದಿದ್ದಾರೆ. ಠಾಣೆಯ ಮ್ಯಾನೇಜರಿಗೆ ಅದು ಬರೆದಿಟ್ಟ ರೂಪದಲ್ಲಿ ಬೇಕು, ಅಷ್ಟೇ ವ್ಯತ್ಯಾಸ.

ತಂತ್ರಾಂಶದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೂರು ಹೋಟೆಲಿಗೆ ಸದ್ಯಕ್ಕೆ ಎಕ್ಸೆಲ್ ಸಾಕು. ಅದರೊಳಗೇ ಪವರ್ ಕ್ವೆರಿ ಅನ್ನುವ ಸೌಲಭ್ಯ ಇದೆ. ಮೂರು ಕಡೆಯ ಫೈಲುಗಳನ್ನು ಒಂದು ಫೋಲ್ಡರಿಗೆ ಹಾಕಿದರೆ ತಾನೇ ಜೋಡಿಸಿಕೊಡುತ್ತದೆ. ಮೊಬೈಲಿನಲ್ಲಿ ನೋಡಬೇಕಾದರೆ ಗೂಗಲ್‌ನ ಲುಕರ್ ಸ್ಟುಡಿಯೋ ಉಚಿತವಾಗಿ ಸಿಗುತ್ತದೆ. ಮುಂದೆ ಬೇಕಾದರೆ ಪವರ್ ಬಿಐ, ಟ್ಯಾಬ್ಲೋ ಥರದ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್‌ಗಳು ಇದ್ದೇ ಇವೆ. ಯಾವುದನ್ನೇ ತಗೊಂಡರೂ ಒಂದು ಮಾತಿನಲ್ಲಿ ಮಾತ್ರ ಹಟ ಹಿಡಿಯಿರಿ: ಬಿಲ್ಲಿನ ಒಂದೊಂದು ಸಾಲೂ ನಿಮಗೆ ಫೈಲಾಗಿ ಸಿಗಬೇಕು. ದಿನದ ಒಟ್ಟು ಮೊತ್ತ ಸಾಲದು. ಡೇಟಾ ವೇರ್‌ಹೌಸ್ (ಎಲ್ಲ ಕಡೆಯ ಡೇಟಾ ಸೇರಿಸಿಡುವ ಉಗ್ರಾಣ) ಕಟ್ಟುವ ವಿಧಾನಕ್ಕೆ ಹೆಸರಾದ ರಾಲ್ಫ್ ಕಿಂಬಲ್ ಇದನ್ನೇ ಒತ್ತಿ ಹೇಳುತ್ತಿದ್ದರು. ಮೊದಲು ಒಂದು ಸಾಲು ಅಂದರೆ ಏನು ಅಂತ ತೀರ್ಮಾನ ಮಾಡಿ, ಆದಷ್ಟು ಸಣ್ಣದನ್ನೇ ಇಟ್ಟುಕೊಳ್ಳಿ. ಸಣ್ಣದನ್ನು ಯಾವಾಗ ಬೇಕಾದರೂ ಕೂಡಿಸಬಹುದು. ಕೂಡಿಸಿದ್ದನ್ನು ಬಿಡಿಸೋಕೆ ಆಗಲ್ಲ. ಒಪ್ಪಂದ ಬಿಟ್ಟರೆ ನಿಮ್ಮ ಡೇಟಾ ಪೂರ್ತಿ ನಿಮಗೆ ವಾಪಸ್ ಕೊಡುತ್ತೇವೆ ಅಂತ ಕಂಪನಿಯವರಿಂದ ಬರೆಸಿಕೊಳ್ಳಿ. ಗಿರಾಕಿಗಳ ಫೋನ್ ನಂಬರು ಸಂಗ್ರಹಿಸುತ್ತಿದ್ದರೆ ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ನೀವೂ ಬರುತ್ತೀರಿ. ಬೇಕಿಲ್ಲದ ನಂಬರು ಕೇಳದೇ ಇರುವುದೇ ಒಳ್ಳೆಯದು.

ನನಗೆ ನಿಜವಾಗಿ ಕಾಳಜಿ ಇರುವುದು ನಿಮ್ಮ ಜನರ ಬಗ್ಗೆ. ಪುಣೆ ಹತ್ತಿರ ಚಾಕಣದ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನಿನ ಪಕ್ಕ ದೊಡ್ಡ ಟಿವಿ ಹಾಕಿ, ಯಾವ ಲೈನು ಇವತ್ತು ಎಷ್ಟು ಪೀಸು ಮಾಡಿತು ಅಂತ ತೋರಿಸುತ್ತಿದ್ದರು. ಆ ಪರದೆ ಮಾಡಿಕೊಟ್ಟವರಲ್ಲಿ ನಾನೂ ಇದ್ದೆ. ಎರಡು ತಿಂಗಳಲ್ಲಿ ಅಂಕಿ ಏರಿತು, ಎಲ್ಲರಿಗೂ ಖುಷಿ. ಆಮೇಲೆ ಗೊತ್ತಾಯಿತು, ಸುಲಭವಾದ ಪೀಸುಗಳನ್ನೆಲ್ಲ ಮೊದಲು ಮಾಡಿ ಮುಗಿಸುತ್ತಿದ್ದರು, ಕಷ್ಟದವು ಮೂಲೆಯಲ್ಲಿ ರಾಶಿ ಬೀಳುತ್ತಿದ್ದವು. ಕೆಂಪು ಬಣ್ಣದಲ್ಲಿ ತಮ್ಮ ಲೈನಿನ ಹೆಸರು ಕಾಣಬಾರದು ಅಂತ ಆ ಹುಡುಗರು ಹಾಗೆ ಮಾಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ವಿಷಯದಲ್ಲಿ ಇದನ್ನೇ ಗುರುತಿಸಿದ್ದರು: ಯಾವ ಅಂಕಿಯ ಮೇಲೆ ಒತ್ತಡ ಹಾಕುತ್ತೀರೋ ಆ ಅಂಕಿ ನಂಬಿಕೆಗೆ ಯೋಗ್ಯವಾಗಿ ಉಳಿಯುವುದಿಲ್ಲ.

ನಿಮ್ಮಲ್ಲೂ ‘ಉಳಿದ ಹಿಟ್ಟು’ ಅನ್ನುವ ಅಂಕಿ ಹಿಡಿದು ಭಟ್ಟರನ್ನು ಬೈದರೆ, ನಾಳೆಯಿಂದ ಹಿಟ್ಟು ಉಳಿಯುವುದಿಲ್ಲ. ಒಂದೋ ಕಡಿಮೆ ರುಬ್ಬುತ್ತಾರೆ, ಇಲ್ಲಾ ಹೇಳದೆ ಚೆಲ್ಲುತ್ತಾರೆ. ಎರಡರಲ್ಲೂ ನಷ್ಟ ನಿಮಗೇ. ಆದ್ದರಿಂದ ಅಂಕಿ ಮೊದಲು ಅವರಿಗೇ ಸಿಗಲಿ, ನಿಮಗೆ ಆಮೇಲೆ. ಅಡುಗೆಮನೆಯ ಗೋಡೆಗೆ ಅಂಟಿಸುವ ಹಾಳೆ ಅವರು ಓದುವ ಭಾಷೆಯಲ್ಲಿರಲಿ. ಕುಂದಾಪುರದವರಿಗೆ ಕನ್ನಡ, ಉತ್ತರದಿಂದ ಬಂದ ಹುಡುಗರಿಗೆ ಹಿಂದಿ. ‘ನಿನ್ನೆ ಆರು ಕಿಲೋ ಉಳೀತು, ಯಾಕಿರಬಹುದು ಭಟ್ರೇ?’ ಅಂತ ಕೇಳಿದರೆ ಅವರು ಹೇಳುತ್ತಾರೆ. ಪಕ್ಕದ ಕಾಲೇಜಿಗೆ ಪರೀಕ್ಷೆ ರಜೆ ಶುರುವಾಗಿದೆ ಅಂತ ಬಹುಶಃ ಅವರಿಗೇ ಮೊದಲು ಗೊತ್ತಿರುತ್ತದೆ.

ಇನ್ನು ತಂದೆಯವರನ್ನು ಒಪ್ಪಿಸುವ ವಿಷಯ. ವಾದ ಮಾಡಬೇಡಿ. ಸೋಮವಾರ ಮಧ್ಯಾಹ್ನ ಹೋಟೆಲ್ ಸ್ವಲ್ಪ ಖಾಲಿ ಇದ್ದಾಗ ಇಪ್ಪತ್ತು ನಿಮಿಷ ಅವರ ಜೊತೆ ಕೂತುಕೊಳ್ಳಿ. ಅಂಕಿ ತೆರೆಯುವ ಮೊದಲು ಅವರ ಅಂದಾಜು ಕೇಳಿ ಬರೆದುಕೊಳ್ಳಿ. ಅಪ್ಪಾ, ಕಳೆದ ವಾರ ಮುಲುಂಡಿನಲ್ಲಿ ಕಾಫಿ ಎಷ್ಟು ಹೋಗಿರಬಹುದು? ಊಟ ಎಷ್ಟು? ಆಮೇಲೆ ಫೈಲ್ ತೆರೆಯಿರಿ. ಅವರ ಅಂದಾಜು ಸರಿ ಬಂದ ಕಡೆ ವರದಿ ಬೇಕಿಲ್ಲ, ಆ ಸಾಲನ್ನು ತೆಗೆದುಬಿಡಿ. ವ್ಯತ್ಯಾಸ ಬಂದ ಕಡೆ ನಿಲ್ಲಿ. ಒಂದೋ ಡೇಟಾ ತಪ್ಪಿದೆ, ಇಲ್ಲಾ ಅವರಿಗೆ ಕಾಣದಂತೆ ಏನೋ ಬದಲಾಗಿದೆ. ಶುರುವಿನಲ್ಲಿ ಬಹಳ ಸಲ ಡೇಟಾನೇ ತಪ್ಪಿರುತ್ತದೆ. ಮೂವತ್ತೈದು ವರ್ಷ ಗಲ್ಲಾ ನೋಡಿದವರು ಪಕ್ಕದಲ್ಲಿ ಕೂತರೆ ಆ ತಪ್ಪು ಐದು ನಿಮಿಷದಲ್ಲಿ ಸಿಗುತ್ತದೆ. ನನಗೆ ಗೊತ್ತಿರುವ ಯಾವ ಸಾಫ್ಟ್‌ವೇರಿಗೂ ಅದು ಬರುವುದಿಲ್ಲ.

ಅದೇ ಸೋಮವಾರಕ್ಕೆ ಒಂದು ನೋಟ್‌ಬುಕ್ ಇಡಿ. ನಿರ್ಧಾರದ ಪುಸ್ತಕ ಅನ್ನಿ. ತಾರೀಖು, ಯಾವ ಅಂಕಿ ನೋಡಿದೆವು, ಏನು ತೀರ್ಮಾನ ಮಾಡಿದೆವು, ಏನಾಗಬಹುದು ಅಂತ ಅಂದುಕೊಂಡಿದ್ದೇವೆ, ಯಾವತ್ತು ತಿರುಗಿ ನೋಡಬೇಕು. ಐದೇ ವಿಷಯ. ‘ಠಾಣೆಯಲ್ಲಿ ರಾತ್ರಿ ಎಂಟರಿಂದ ಒಂಬತ್ತೂವರೆವರೆಗೆ ಆ್ಯಪ್‌ನಲ್ಲಿ ದೋಸೆ ಆಫ್. ಕೌಂಟರ್ ದೋಸೆ ಏರಬಹುದು. ನಾಲ್ಕು ವಾರ ಬಿಟ್ಟು ನೋಡೋಣ.’ ಹೀಗೆ ಬರೆಯಿರಿ. ನಾಲ್ಕು ವಾರದ ನಂತರ ಅಂದುಕೊಂಡಂತೆ ಆಗದೇ ಇದ್ದರೆ ಅದನ್ನೂ ಅಲ್ಲೇ ಬರೆಯಿರಿ. ಮೂರು ತಿಂಗಳಲ್ಲಿ ಹನ್ನೆರಡು-ಹದಿಮೂರು ಸೋಮವಾರ ಬರುತ್ತವೆ. ಆ ಪುಸ್ತಕದ ಪುಟಗಳೇ ನಿಮಗೆ ಯಾವ ವರದಿ ಬೇಕು, ಎಷ್ಟು ಹೊತ್ತಿಗೆ ಬೇಕು, ಯಾರ ಕೈಗೆ ಬೇಕು ಅನ್ನುವುದರ ಪಟ್ಟಿ. ಕಂಪನಿಯವರನ್ನು ಕರೆದಾಗ ಅದನ್ನು ಅವರ ಮುಂದಿಡಿ. ಅಷ್ಟನ್ನೂ ಮಾಡಿಕೊಡುತ್ತೇವೆ ಅಂದರೆ ಎರಡು ಲಕ್ಷ ಕೊಡಬಹುದು. ಅದರಲ್ಲಿ ಅರ್ಧದಷ್ಟು ಎಕ್ಸೆಲ್‌ನಲ್ಲೇ ಆಗುತ್ತಿದೆ ಅಂತ ಆ ಹೊತ್ತಿಗೆ ನಿಮಗೆ ಅನ್ನಿಸಿದರೆ, ದರದ ಮಾತುಕತೆಗೆ ಆಗಲೂ ಅನುಕೂಲವೇ.

ಸದ್ಯಕ್ಕೆ ಈ ವಾರ ಮಾಡಬೇಕಾದದ್ದು ಇಷ್ಟು. ಠಾಣೆಯ ಕಳೆದ ಮೂರು ತಿಂಗಳ ಸೆಟಲ್‌ಮೆಂಟ್ ಶೀಟುಗಳನ್ನು (ಆ್ಯಪ್‌ನವರು ಏನೇನು ಕಳೆದು ಎಷ್ಟು ಕೊಟ್ಟರು ಅನ್ನುವ ಲೆಕ್ಕ) ಎರಡೂ ಆ್ಯಪ್‌ಗಳ ಪಾರ್ಟ್‌ನರ್ ಲಾಗಿನ್‌ನಿಂದ ಇಳಿಸಿಕೊಳ್ಳಿ. ಬ್ಯಾಂಕಿಗೆ ಬಂದ ಮೊತ್ತದ ಜೊತೆ ತಾಳೆ ನೋಡಿ. ಒಂದು ದೋಸೆ, ಒಂದು ಇಡ್ಲಿ ವಡೆ, ಒಂದು ಊಟ, ಈ ಮೂರಕ್ಕೆ ಮೇಲೆ ಹೇಳಿದ ಹಾಗೆ ಕೌಂಟರಿನಲ್ಲಿ ಎಷ್ಟು ಉಳಿಯುತ್ತದೆ, ಆ್ಯಪ್‌ನಲ್ಲಿ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಠಾಣೆಯ ಜಾಗದ ಬಾಡಿಗೆಯ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಯಾವ ತಿಂಗಳು ಮುಗಿಯುತ್ತದೆ ಅಂತಲೂ ನೋಡಿಟ್ಟುಕೊಳ್ಳಿ. ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆಯುವ ಮೊದಲು ಈ ಹಾಳೆ ನಿಮ್ಮ ಕೈಯಲ್ಲಿರಬೇಕು. ಲೆಕ್ಕ ಎಲ್ಲಾದರೂ ಕೂಡದೇ ಇದ್ದರೆ ಮತ್ತೆ ಬರೆಯಿರಿ. ಮೂರು ಐಟಂಗಳ ಅಂಕಿ ಜೊತೆಗಿದ್ದರೆ ಎಲ್ಲಿ ಸೋರುತ್ತಿದೆ ಅಂತ ಒಟ್ಟಿಗೆ ಹುಡುಕಬಹುದು.